ಕಾಫಿಪುಡಿ ಡಬ್ಬಿಯ ಹಿಂದಿನ ಮಾತ್ರೆ

(ಗುರುತು ಸಿಗಬಾರದೆಂದು ಮನೆಯ ಕೆಲವು ವಿವರ ಬದಲಿಸಿದ್ದೇನೆ.)

ದಕ್ಷಿಣ ಕೊಡಗಿನ ತೋಟದ ಮನೆಯ ಹೆಂಗಸೊಬ್ಬರು. ವಯಸ್ಸು 60ರ ಆಸುಪಾಸು. ಡಾಕ್ಟರು ಚೀಟಿಯಲ್ಲಿ ಬರೆದಿದ್ದು ಇಷ್ಟೇ: ಗೌಟ್, ಮಾತ್ರೆ ಸರಿಯಾಗಿ ತಗೊಳ್ತಿಲ್ಲ, ಮಾತಾಡಿಸಿ. ಗೌಟ್ ಅಂದರೆ ರಕ್ತದಲ್ಲಿರುವ ಯೂರಿಕ್ ಆಸಿಡ್ ಎಂಬ ಕಸ ಹೆಚ್ಚಾಗಿ, ಗಂಟುಗಳಲ್ಲಿ ಹರಳಾಗಿ ಕೂತು ಊದಿಸುವ ಕಾಯಿಲೆ.

ಕೂತ ಕೂಡಲೇ ಜೊತೆಗೆ ಬಂದ ಸೊಸೆ ಶುರು ಮಾಡಿದಳು. "ಅತ್ತೆ ಮಾತೇ ಕೇಳೋದಿಲ್ಲ ಮೇಡಂ. ಹಂದಿ ಕರಿ ಬೇಡ ಅಂದ್ರೂ ಕದ್ದು ತಿಂತಾರೆ." ಅತ್ತೆ ಕಿಟಕಿಯ ಕಡೆ ನೋಡುತ್ತಿದ್ದರು. ಸೊಸೆಯನ್ನು ಕಾಫಿ ಕುಡಿದು ಬಾ ಎಂದು ಕಳಿಸಿದೆ. ರೋಗಿಗಳನ್ನು ಮಾತಾಡಿಸುವ ನಮ್ಮ ಕೆಲಸದಲ್ಲಿ ಅದು ಹಳೇ ಉಪಾಯ.

ಬಾಗಿಲು ಮುಚ್ಚಿದ ಮೇಲೆ ಅವರ ಬಾಯಿ ಬಿಚ್ಚಿತು. "ಇದು ಕುಡಿಯೋ ಗಂಡಸರಿಗೆ ಬರೋ ಕಾಯಿಲೆ ಅಲ್ವಾ? ನಾನು ಹುತ್ತರಿ ಹಬ್ಬಕ್ಕೂ ಒಂದು ತೊಟ್ಟು ಮುಟ್ಟಿದವಳಲ್ಲ. ಮದುವೆಮನೆಯಲ್ಲಿ ಕುಂಟಿದ್ದಕ್ಕೆ ಮೈದುನ, ಏನತ್ತಿಗೆ, ಯಾವಾಗಿಂದ ಶುರು ಮಾಡಿದ್ರಿ ಅಂದ. ಎಲ್ಲರೂ ನಕ್ಕರು." ಅವತ್ತಿನಿಂದ ಮಾತ್ರೆ ಕಾಫಿಪುಡಿ ಡಬ್ಬಿಯ ಹಿಂದೆ ಸೇರಿತ್ತು. ನೆಂಟರು ಬಂದ ದಿನ ನುಂಗುತ್ತಿರಲಿಲ್ಲ.

ಅದಕ್ಕೂ ಮುಂಚಿನ ಕಥೆ ಎರಡು ವರ್ಷದ್ದು. ಒಂದು ಮಳೆಗಾಲದ ರಾತ್ರಿ ಪಾದ ಕೆಂಪಾಗಿ ಊದಿ, ಕಂಬಳಿ ತಾಗಿದರೂ ಕಿರುಚುವಷ್ಟು ನೋವು. ಆಮೇಲೆ ಕೈಬೆರಳಿನ ತುದಿಯ ಗಂಟುಗಳು. ಒಂದು ಕಡೆ ವಯಸ್ಸಿನ ಸವೆತ ಅಂದರು. ನೋವಿದ್ದಾಗಲೇ ರಕ್ತ ತೆಗೆಸಿದ್ದರು, ಯೂರಿಕ್ ಆಸಿಡ್ 5.9 ಬಂತು. "ನಾರ್ಮಲ್" ಎಂದು ಅಲ್ಲಿಗೇ ಬಿಟ್ಟರು. ಇವರು ಅಂಗಡಿಯಿಂದ ನೋವಿನ ಮಾತ್ರೆ ತಂದು ತಿನ್ನುತ್ತಾ ಬಂದರು. ಕಿಡ್ನಿಗೂ ಸ್ವಲ್ಪ ಏಟು ಬಿತ್ತು.

ನೋವು ಜೋರಾಗಿರುವಾಗ ಯೂರಿಕ್ ಆಸಿಡ್ ಕಡಿಮೆ ತೋರಿಸುವುದುಂಟು. ಎರಡು ಮೂರು ವಾರ ಬಿಟ್ಟು ಮತ್ತೆ ನೋಡಬೇಕು. ಇವರಿಗೆ ಹಾಗೆ ನೋಡಿದಾಗ 8.8. ಮಂಡಿ ಊದಿದಾಗ ಈಗಿನ ಡಾಕ್ಟರು ಅದರ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಸೂಜಿಯಂಥ ಹರಳು ಸಿಕ್ಕಿತು. ಅಲ್ಲಿಗೆ ಅನುಮಾನ ಮುಗಿಯಿತು.

"ನನಗೇ ಯಾಕೆ?" ಎಂದರು. ಮುಟ್ಟು ನಿಲ್ಲುವವರೆಗೆ ಈಸ್ಟ್ರೋಜನ್ ಯೂರಿಕ್ ಆಸಿಡನ್ನು ಮೂತ್ರದಲ್ಲಿ ಹೊರಹಾಕಲು ನೆರವಾಗುತ್ತದೆ. ಮುಟ್ಟು ನಿಂತ ಮೇಲೆ ಆ ಕಾವಲು ಇಲ್ಲ. ಜೊತೆಗೆ ಇವರ ಬಿಪಿ ಮಾತ್ರೆಯಲ್ಲಿ ನೀರಿಳಿಸುವ ಔಷಧ, ಹೈಡ್ರೋಕ್ಲೋರೋಥಯಜೈಡ್, ಇತ್ತು. ಅದೂ ಯೂರಿಕ್ ಆಸಿಡ್ ಏರಿಸುತ್ತದೆ. ಹೆಂಗಸರಲ್ಲಿ ಗೌಟ್ ಬರುವ ದಾರಿ ಬಹಳ ಸಲ ಇದೇ. ಕಾಲಿನ ಹೆಬ್ಬೆರಳನ್ನೇ ಹಿಡಿಯಬೇಕೆಂದೂ ಇಲ್ಲ. ಮೊದಲೇ ಸವೆದ ಬೆರಳ ಗಂಟಿನಲ್ಲೂ ಕೂರುತ್ತದೆ, ಅದಕ್ಕೇ ಸವೆತ ಎಂದು ದಾಟಿಸಿಬಿಡುತ್ತಾರೆ. ಡಾಕ್ಟರು ಬಿಪಿಗೆ ಲೊಸಾರ್ಟಾನ್ ಕೊಟ್ಟರು, ಅದು ಯೂರಿಕ್ ಆಸಿಡನ್ನು ತುಸು ಇಳಿಸುತ್ತದೆ. ಬಿಪಿ ಮಾತ್ರೆಯನ್ನು ನೀವಾಗಿ ಮಾತ್ರ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದೆ.

ಸೊಸೆಯನ್ನು ಒಳಗೆ ಕರೆದು ಜೇನಿನ ಮಾತೆತ್ತಿದೆ. ಚಳಿಗೆ ಬಾಟಲಿಯ ತಳದಲ್ಲಿ ಜೇನು ಹರಳುಗಟ್ಟುತ್ತಲ್ಲ? ಯೂರಿಕ್ ಆಸಿಡ್ 6.8 ದಾಟಿದರೆ ರಕ್ತದಲ್ಲಿ ಕರಗಿ ಉಳಿಯುವುದಿಲ್ಲ, ಮೈಯ ತಣ್ಣಗಿನ ಜಾಗ ನೋಡಿ ಹರಳಾಗುತ್ತದೆ. ಪಾದ, ಬೆರಳು. ಗೌಟ್‌ನ ಮಾತ್ರೆ ಅಲೋಪ್ಯೂರಿನಾಲ್ ಕೊಡುವುದು ಅದನ್ನು 6ಕ್ಕಿಂತ ಕೆಳಗಿಟ್ಟು ಹಳೇ ಹರಳನ್ನು ನಿಧಾನಕ್ಕೆ ಕರಗಿಸಲು. ಚಿಕ್ಕ ಡೋಸಿನಿಂದ ಶುರು, ರಕ್ತ ನೋಡುತ್ತಾ ಏರಿಸುವುದು. ಕರಗುವ ಮೊದಲ ತಿಂಗಳುಗಳಲ್ಲಿ ನೋವು ಮತ್ತೆ ಕೆರಳಬಹುದು. ಹೆಚ್ಚಿನವರು ಮಾತ್ರೆ ಬಿಡುವುದು ಆವಾಗಲೇ, ಇದರಿಂದಲೇ ಜಾಸ್ತಿಯಾಯಿತು ಅಂದುಕೊಂಡು. ಅದಕ್ಕೇ ಕೆಲವು ತಿಂಗಳು ಜೊತೆಗೆ ಕಡಿಮೆ ಡೋಸಿನ ಕೊಲ್ಚಿಸಿನ್ ಕೊಟ್ಟಿದ್ದಾರೆ. ಭೇದಿ ಶುರುವಾದರೆ ತಕ್ಷಣ ಹೇಳಬೇಕು. ಅಲೋಪ್ಯೂರಿನಾಲ್‌ಗೆ ಮೈಮೇಲೆ ಗುಳ್ಳೆ, ಕೆಂಪು ಬಂದರೆ ಮಾತ್ರ ಮಾತ್ರೆ ನಿಲ್ಲಿಸಿ ಅವತ್ತೇ ಬನ್ನಿ ಎಂದೆ. ಜ್ವರದ ಜೊತೆ ಗಂಟು ಊದಿದರೂ ಅವತ್ತೇ ಬರಬೇಕು, ಅದು ಸೋಂಕಿರಬಹುದು.

ಊಟದ ವಿಷಯಕ್ಕೆ ಬಂದಾಗ ಸೊಸೆ ಪೆನ್ನು ತೆಗೆದಳು. ಪಾಪ, ಪಟ್ಟಿ ಬೇಕಿತ್ತು. ಪಥ್ಯದಿಂದ ಯೂರಿಕ್ ಆಸಿಡ್ ಇಳಿಯುವುದು ಸ್ವಲ್ಪವೇ ಎಂದಾಗ ಮುಖ ಸಪ್ಪೆಯಾಯಿತು. ಲಿವರ್, ಕಿಡ್ನಿ ಬಿಡಿ, ಮತ್ತಿ ಮೀನು ಕಡಿಮೆ ಮಾಡಿ, ಬಾಟಲಿ ಜ್ಯೂಸ್ ಬೇಡ. ಬೇಳೆ, ಅಣಬೆಗೆ ಹೆದರಬೇಡಿ. ಹಂದಿ ಕರಿಗೆ ಹಾಕುವ ಹುಳಿ, ಕಾಚಂಪುಳಿಯನ್ನೂ ನಿಲ್ಲಿಸಿದ್ದರಂತೆ, "ಆಸಿಡ್" ಅಂತ. ಹುಳಿಗೂ ಇದಕ್ಕೂ ಹೆಸರಿನ ನಂಟು ಅಷ್ಟೇ! ಕಾಫಿ ಕುಡಿಯುವವರಲ್ಲಿ ಗೌಟ್ ಕಡಿಮೆ ಕಂಡಿದೆ ಎಂದೆ. ಅತ್ತೆ ಮೊದಲ ಸಲ ನಕ್ಕರು.

ಹಂದಿ ಕರಿಗೆ ನನ್ನ ಸಲಹೆ ಇಷ್ಟು: ಹಬ್ಬದ ದಿನ ಎರಡು ತುಂಡು, ಎಲ್ಲರ ಜೊತೆ ಕೂತು, ತಟ್ಟೆಯಲ್ಲಿ. ಕದ್ದು ತಿಂದವರು ಎಷ್ಟು ತಿಂದರು ಅಂತ ಡಾಕ್ಟರಿಗೂ ಹೇಳುವುದಿಲ್ಲ. ಸೊಸೆಗೆ ಬೇರೆ ಕೆಲಸ ಕೊಟ್ಟೆ. ಅತ್ತೆಯ ತಟ್ಟೆ ಕಾಯುವುದು ಬಿಟ್ಟು ರಕ್ತ ಪರೀಕ್ಷೆಯ ತಾರೀಕು ನೆನಪಿಡುವುದು. ಮೈದುನನಿಗೆ ಏನು ಹೇಳಬೇಕೆಂದು ಅತ್ತೆಯೇ ಯೋಚಿಸಿದರು: "ನಿನ್ನ ಅಣ್ಣ ಕುಡಿದಿದ್ದಕ್ಕೆ ನನ್ನ ಕಾಲು ಊದೋದಿಲ್ಲ ಅಂತೀನಿ."

ಮೂರನೇ ತಿಂಗಳು ಪಾದ ಮತ್ತೆ ಊದಿತು. ಫೋನ್ ಮಾಡಿದರು, ಮಾತ್ರೆ ಬಿಟ್ಟಿರಲಿಲ್ಲ. ಡಾಕ್ಟರು ಕೆಲವು ದಿನ ಸ್ಟೀರಾಯ್ಡ್ ಕೊಟ್ಟು ಇಳಿಸಿದರು. ಕಾಫಿ ಕೊಯ್ಲು ಮುಗಿಸಿ ಬಂದಾಗ ಯೂರಿಕ್ ಆಸಿಡ್ 5.4 ಇತ್ತು.

"ಇನ್ನೆಷ್ಟು ದಿನ ತಗೋಬೇಕು?"

"ಬಿಪಿ ಮಾತ್ರೆ ಥರಾನೇ ಅಮ್ಮ, ನಡೀತಾ ಇರುತ್ತೆ."

"ಹಾಗಾದ್ರೆ ಎರಡನ್ನೂ ಟಿವಿ ಪಕ್ಕ ಒಂದೇ ಡಬ್ಬೀಲಿ ಇಡ್ತೀನಿ" ಎಂದು ಚೀಟಿ ಮಡಿಸಿದರು.