ಬಾಚಣಿಗೆ ತಾಗಿದರೂ ನೋವು: ಮಾತ್ರೆ ಯಾವಾಗ ನುಂಗಬೇಕು?

ಪ್ರಶ್ನೆ: ನನಗೆ ಬಹಳ ವರ್ಷಗಳಿಂದ ಮೈಗ್ರೇನ್ ಇದೆ. ಡಾಕ್ಟರು ಸುಮಾಟ್ರಿಪ್ಟಾನ್ ಬರೆದುಕೊಟ್ಟಿದ್ದಾರೆ. ಒಮ್ಮೊಮ್ಮೆ ನೋವು ಬೇಗ ಇಳಿಯುತ್ತದೆ, ಒಮ್ಮೊಮ್ಮೆ ನುಂಗಿಯೂ ಪ್ರಯೋಜನವಿಲ್ಲ. ನೋವು ಜೋರಾದಾಗ ತಲೆ ಬಾಚಲೂ ಆಗುವುದಿಲ್ಲ. ಯಾಕೆ ಹೀಗೆ?
– ಓದುಗರೊಬ್ಬರು, ಹಾಸನ

ಉತ್ತರ: ನೀವು ಹೇಳಿದ ಎರಡೂ ತೊಂದರೆಗಳಿಗೆ ನಂಟಿದೆ. ಆ ನಂಟನ್ನು ಬಿಡಿಸಿ ತೋರಿಸಿದವರು ಅಮೆರಿಕದ ಬಾಸ್ಟನ್ನಿನ ನರವಿಜ್ಞಾನಿ ರಾಮಿ ಬರ್ಸ್ಟೀನ್.

1996ರಲ್ಲಿ ಅವರೂ ಸಹೋದ್ಯೋಗಿಗಳೂ ಇಲಿಯ ಮಿದುಳಿನ ಹೊದಿಕೆಗೆ ಉರಿಯೂತದ ರಾಸಾಯನಿಕ ಸವರಿ, ಅಲ್ಲಿನ ಟ್ರೈಜೆಮಿನಲ್ (ಮುಖ, ತಲೆಯ ನೋವಿನ ಸಂಕೇತ ಒಯ್ಯುವ) ನರಕೋಶಗಳ ಸಂಕೇತ ದಾಖಲಿಸಿದರು. ಮೊದಲು ಸುಮ್ಮನಿದ್ದ ಕೋಶಗಳು ಹಗುರವಾದ ಒತ್ತಡಕ್ಕೂ ಕೆರಳಿದವು. ಬಗ್ಗಿದರೆ, ಕೆಮ್ಮಿದರೆ ತಲೆ ಸಿಡಿಯುವುದಕ್ಕೆ ಅವರು ಕೊಡುವ ವಿವರಣೆ ಇದೇ. ಆಮೇಲೆ ರೋಗಿಗಳ ಚರ್ಮಕ್ಕೆ ಬಿಸಿ, ತಂಪು, ಒತ್ತಡ ಕೊಟ್ಟು ಅಳೆದರು. ಒಬ್ಬ ರೋಗಿಯಲ್ಲಿ, ಮುಟ್ಟಿದರೂ ನೋಯುವ ಚರ್ಮದ ಈ ಅತಿಸೂಕ್ಷ್ಮತೆ ನೋವಿದ್ದ ಬದಿಯ ತಲೆಯಲ್ಲಿ ಶುರುವಾಗಿ 4 ಗಂಟೆಯೊಳಗೆ ಮುಂಗೈವರೆಗೂ ಹಬ್ಬಿತ್ತು. ಅಂದರೆ ಹೊದಿಕೆಯ ನರಗಳಷ್ಟೇ ಅಲ್ಲ, ಮಿದುಳಿನ ಒಳಗಿನ ಕೋಶಗಳೂ ಕೆರಳಿರುತ್ತವೆ.

ಟ್ರಿಪ್ಟಾನ್ (ನಿಮ್ಮ ಸುಮಾಟ್ರಿಪ್ಟಾನ್ ಸೇರಿದ ಔಷಧಗಳ ಗುಂಪು) ತಡೆಯುವುದು ಹೊದಿಕೆಯ ನರದಿಂದ ಒಳಗೆ ದಾಟುವ ಸಂಕೇತವನ್ನು. ಒಳಗಿನ ಕೋಶಗಳು ತಾವಾಗಿಯೇ ಮಿಡಿಯತೊಡಗಿದ ಮೇಲೆ ಅದರ ಆಟ ನಡೆಯದು. 2004ರ ಅವರ ಅಧ್ಯಯನದಲ್ಲಿ, ಚರ್ಮ ಸೂಕ್ಷ್ಮವಾಗುವ ಮುಂಚೆ ಔಷಧ ಕೊಟ್ಟಾಗ ಶೇ. 93ರಷ್ಟು ಸಲ ನೋವು ಪೂರ್ತಿ ಹೋಯಿತು. ಸೂಕ್ಷ್ಮವಾದ ಮೇಲೆ ಕೊಟ್ಟಾಗ ಶೇ. 15ರಷ್ಟು ಸಲ ಮಾತ್ರ. ಇಷ್ಟು ದೊಡ್ಡ ಅಂತರ ಗೊತ್ತಿದ್ದೂ ಎಷ್ಟೋ ಜನರಿಗೆ 'ತೀರಾ ತಡೆಯಲಾಗದಿದ್ದರೆ ನುಂಗಿ' ಎಂದೇ ಹೇಳಿ ಕಳಿಸುತ್ತಾರೆ. ಅದು ತಪ್ಪು ಸಲಹೆ.

ನೀವು ಮಾಡಬೇಕಾದದ್ದು: ಇದು ಮೈಗ್ರೇನ್ ಎಂದು ಖಾತ್ರಿಯಾದ ಕೂಡಲೇ, ನೋವು ಇನ್ನೂ ಸಣ್ಣದಿರುವಾಗಲೇ ಮಾತ್ರೆ ನುಂಗಿ. ಕಣ್ಣ ಮುಂದೆ ಮಿಂಚುಗೆರೆ ಕಾಣುವವರು ಆಗಲೇ ನುಂಗದೆ, ನೋವು ಶುರುವಾಗುವವರೆಗೆ ಕಾಯಬೇಕು. ವಾಂತಿ ಇದ್ದರೆ ಹೊಟ್ಟೆಯ ಚಲನೆ ನಿಧಾನವಾಗಿ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ವಾಂತಿ ನಿಲ್ಲಿಸುವ ಔಷಧ ಅಥವಾ ಮೂಗಿನ ಸ್ಪ್ರೇ ಬಗ್ಗೆ ಡಾಕ್ಟರನ್ನು ಕೇಳಿ. ನಿದ್ದೆಯಿಂದ ಏಳುವಾಗಲೇ ಬಾಚಣಿಗೆ ತಾಗಿಸಲಾಗದ ಸ್ಥಿತಿ ಇದ್ದರೆ, ಟ್ರಿಪ್ಟಾನ್ ಜೊತೆಗೆ ನ್ಯಾಪ್ರಾಕ್ಸೆನ್‌ನಂಥ ನೋವುನಿವಾರಕ ಸೇರಿಸಬಹುದೇ ಎಂದೂ ವಿಚಾರಿಸಿ. ತಡವಾದ ಮೇಲೂ ನ್ಯಾಪ್ರಾಕ್ಸೆನ್ ಗುಂಪಿನದೇ ಆದ ಕೀಟೊರೊಲ್ಯಾಕ್ ರಕ್ತನಾಳದ ಮೂಲಕ ಕೊಟ್ಟಾಗ ನೋವು ಇಳಿದದ್ದನ್ನು ಬರ್ಸ್ಟೀನ್ ತಂಡವೇ ತೋರಿಸಿದೆ.

ಬೇಗ ನುಂಗಿ ಎಂದರೆ ಪದೇ ಪದೇ ನುಂಗಿ ಎಂದಲ್ಲ. ಟ್ರಿಪ್ಟಾನ್ ತಿಂಗಳಿಗೆ 10 ದಿನ, ಸಾದಾ ನೋವಿನ ಮಾತ್ರೆ 15 ದಿನ ಮುಟ್ಟಿ 3 ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಬಹುದು. ಹೃದ್ರೋಗ, ಪಾರ್ಶ್ವವಾಯು ಆಗಿದ್ದವರು, ಬಿಪಿ ಹತೋಟಿಯಲ್ಲಿಲ್ಲದವರು ಟ್ರಿಪ್ಟಾನ್ ಮುಟ್ಟಬಾರದು.