ತೊಡೆಯಡಿ ಗಂಟಿದ್ದರೆ ಬೇರೆ ಜಾತಿಯೇ?

ಉತ್ತರ ಕನ್ನಡದ ಸಿದ್ದಾಪುರ ಕಡೆಯ ಹಳ್ಳದಲ್ಲಿ ಸಿಕ್ಕ ಎರಡು ಇರುಳುಕಪ್ಪೆಗಳಲ್ಲಿ (ಪಶ್ಚಿಮ ಘಟ್ಟದ ತೊರೆಗಳಲ್ಲಿರುವ ಒಂದು ಗುಂಪಿನ ಕಪ್ಪೆಗಳು) ಒಂದಕ್ಕೆ ಮಾತ್ರ ತೊಡೆಯ ಕೆಳಗೆ ಉಬ್ಬಿದ ಗಂಟಿದೆ, ಇದು ಬೇರೆ ಜಾತಿಯಾ ಅಂತ ಕೇಳಿದ್ದೀರಿ. ಅಷ್ಟರಿಂದಲೇ ಹಾಗೆ ಹೇಳಲಾಗದು. ಅದು ತೊಡೆಗ್ರಂಥಿ. ಇರುಳುಕಪ್ಪೆಗಳ ಹಲವು ಜಾತಿಗಳಲ್ಲಿ ಗಂಡಿಗೆ ಇರುತ್ತದೆ. ನಿಮ್ಮ ಇನ್ನೊಂದು ಕಪ್ಪೆ ಹೆಣ್ಣಿರಬಹುದು, ಇಲ್ಲವೇ ಇನ್ನೂ ಬೆಳೆಯದ ಮರಿ. ಹೋಲಿಸುವುದಾದರೆ ಮಳೆಗಾಲದಲ್ಲಿ ಕೂಗುತ್ತಿರುವ ಗಂಡನ್ನು ಇನ್ನೊಂದು ಕೂಗುವ ಗಂಡಿನ ಜೊತೆಗೇ ಹೋಲಿಸಿ.

ನಿಮ್ಮ ಜಾಗಕ್ಕೆ ನಡವಳಿಕೆಯೇ ಜಾಸ್ತಿ ಉಪಯೋಗ, ನನ್ನ ಪ್ರಕಾರ. ಅದೇ ತಾಲ್ಲೂಕಿನ ಕತ್ತಲೆಕಾನು ಕಾಡಿನ ಕುಂಬಾರ ಕಪ್ಪೆಯನ್ನೇ ನೋಡಿ, ಅದೂ ಇರುಳುಕಪ್ಪೆಯೇ, 2014ರಲ್ಲಿ ಹೊಸ ಜಾತಿ ಎಂದು ಪ್ರಕಟವಾಯಿತು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ತೊರೆಯ ತಳದಿಂದ ಮುಂಗೈಯಲ್ಲಿ ಮಣ್ಣು ತೆಗೆದು, ಹಿಂಗಾಲ ಮೇಲೆ ನಿಂತು ಮೊಟ್ಟೆಗೆ ಮೆತ್ತುತ್ತದೆ. ನೋಡಲು ಮಜವಾಗಿರುತ್ತದೆ! ಅಲ್ಲೇ ಇರುವ ಜೋಗ ಇರುಳುಕಪ್ಪೆ ಹೀಗೆ ಮಾಡುವುದಿಲ್ಲ. ಹಾಗಂತ ನಡವಳಿಕೆ ಒಂದೇ ಸಾಕಾಗದು. ಕೂಗು, ಅಳತೆ, ಡಿಎನ್‌ಎ ಎಲ್ಲವೂ ಒಂದೇ ಕಡೆ ಬೊಟ್ಟು ಮಾಡಬೇಕು.

ಸುಮ್ನೆ ಹಿಡಿಯಲು ಹೋಗಬೇಡಿ, ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ಕೂಗನ್ನು ಮೊಬೈಲಲ್ಲೇ ರೆಕಾರ್ಡ್ ಮಾಡಿ, ಹತ್ತಿರದಿಂದ. ಇಲ್ಲದಿದ್ದರೆ ಬರೀ ನೀರಿನ ಸದ್ದೇ ಕೇಳುತ್ತದೆ. ಮೊಟ್ಟೆ ಎಲ್ಲಿತ್ತು, ಕಲ್ಲಿಗೋ ಕಡ್ಡಿಗೋ ಎಲೆಗೋ? ಫೋಟೋ ಇದ್ದರೆ ಹಾಕಿ.