ಅಮ್ಮನ ಹತ್ತಿರ ಕೊಡೆ ಲೆಕ್ಕ ಕೇಳು

ತಮ್ಮಾ, ಇಂಗ್ಲೆಂಡಿಗೆ ಬಂದು ಆರು ತಿಂಗಳಾಯ್ತು, ಕೆಲಸ ಗೊತ್ತಿದ್ರೂ ಡೆಡ್‌ಲೈನ್ ತಪ್ಪುತ್ತೆ, ಓದಿದ ಇಮೇಲ್ ತಲೆಗೆ ಹತ್ತಲ್ಲ, ಸಹೋದ್ಯೋಗಿ ಯಾರೋ ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇರಬಹುದು ಅಂದ್ರು, ಡಾಕ್ಟರಿಗೆ ತೋರಿಸಿದ್ರೆ ವೀಸಾಕ್ಕೆ ತೊಂದ್ರೆನಾ ಅಂತ ಕೇಳಿದ್ದೀಯ.

ವೀಸಾ ಚಿಂತೆ ಬಿಡು. ಸ್ಕಿಲ್ಡ್ ವರ್ಕರ್ ವೀಸಾದ ಅರ್ಜಿಯಲ್ಲಿ ಅದನ್ನ ಕೇಳೋದೇ ಇಲ್ಲ. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ಗೆ ಅಂತ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿ ಬಂದವನಿಗೆ ಜಿಪಿ, ಅಂದ್ರೆ ನಿನ್ನ ಏರಿಯಾದ ಸಾಮಾನ್ಯ ಡಾಕ್ಟರ ಹತ್ತಿರ ಹೋಗೋಕೆ ಸಂಕೋಚ ಯಾಕೆ?

ನನಗೂ ಎಡಿಎಚ್‌ಡಿ ಇದೆ ಅಂತ ಗೊತ್ತಾಗಿದ್ದು 38ನೇ ವಯಸ್ಸಿಗೆ. ಈ ದೇಶದಲ್ಲಿ ಮುಖ್ಯವಾದದ್ದು ಎಷ್ಟೋ ಅಂಚೆಯಲ್ಲೇ ಬರುತ್ತೆ. ನಾನು ಒಡೆಯದ ಲಕೋಟೆಗಳನ್ನೆಲ್ಲ ಚಮಚದ ಡ್ರಾಯರಿಗೆ ತುರುಕ್ತಿದ್ದೆ. ಎಡಿಎಚ್‌ಡಿ ಪರೀಕ್ಷೆಗೆ ಬನ್ನಿ ಅನ್ನೋ ಮೊದಲ ಪತ್ರವೂ ಅಲ್ಲೇ ಇತ್ತು, ತಾರೀಕು ಮುಗಿದು ಎರಡು ವಾರ ಆದ್ಮೇಲೆ ಸಿಕ್ಕಿತು. ನಗಬೇಡ.

'ರೈಟ್ ಟು ಚೂಸ್' (ಕ್ಲಿನಿಕ್ ನಾವೇ ಆರಿಸೋ ಹಕ್ಕು) ಮೂಲಕ ಪರೀಕ್ಷೆಗೆ ಕಳಿಸಿ ಅಂತ ಜಿಪಿಯನ್ನ ನೀನೇ ಕೇಳು, ಅವರಾಗಿ ಹೇಳದಿದ್ರೂ. ಇದು ಇಂಗ್ಲೆಂಡಿನಲ್ಲಿ ಮಾತ್ರ. ಎನ್‌ಎಚ್‌ಎಸ್ ಒಪ್ಪಂದ ಇರುವ ಬೇರೆ ಊರಿನ ಕ್ಲಿನಿಕ್ಕನ್ನೂ ಆರಿಸಬಹುದು. ದುಡ್ಡು ಕೊಟ್ಟು ಖಾಸಗಿಗೆ ಹೋಗೋದಾದ್ರೆ, ಮುಂದೆ ಮಾತ್ರೆಯನ್ನ ನೀವು ಬರೆದುಕೊಡ್ತೀರಾ ಅಂತ ಜಿಪಿಯನ್ನ ಮೊದಲೇ ಕೇಳು. ನಾನು ಕೇಳಲಿಲ್ಲ, ಅವರು ಆಗಲ್ಲ ಅಂದ್ರು, ಒಂದು ವರ್ಷ ಪ್ರತಿ ತಿಂಗಳ ಮಾತ್ರೆಗೂ ಕೈಯಿಂದ ಕಟ್ಟಿದೆ.

ನಮ್ಮವರು ಎಡವೋದು ಬೇರೆ ಕಡೆ. 12 ವರ್ಷಕ್ಕೆ ಮೊದಲೇ ಲಕ್ಷಣ ಇತ್ತಾ ಅಂತ ಕೇಳ್ತಾರೆ, ಶಾಲೆಯ ದಾಖಲೆ ಕೇಳ್ತಾರೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಅಂಕ, ಅದರಿಂದ ಏನೂ ತಿಳಿಯಲ್ಲ. ಪ್ರೈಮರಿಯ ಪ್ರೋಗ್ರೆಸ್ ಕಾರ್ಡ್ ಅಟ್ಟದ ಮೇಲಿದ್ರೆ ಇಳಿಸು. ಅಮ್ಮನಿಗೂ ಒಂದು ಫಾರಂ ಬರುತ್ತೆ. ನಮ್ಮಮ್ಮನಿಗೆ ಬಂದದ್ದನ್ನ ತೀರ್ಥಹಳ್ಳಿಯಲ್ಲಿ ನನ್ನ ತಂಗಿ ಓದಿ ಹೇಳಿದಳು: ವಸ್ತು ಕಳೀತಿದ್ದಳಾ? "ಇಲ್ಲಪ್ಪ, ಅವಳು ಬಂಗಾರ." ಗಮನ ಇರ್ತಿರಲಿಲ್ವಾ? "ಯಾವಾಗ್ಲೂ ಫಸ್ಟ್ ಕ್ಲಾಸು!" ಮಗಳ ಮಾನ ಉಳಿಸೋಕೆ ಹೊರಟಿದ್ದಾಳೆ ಪಾಪ. ಕೊನೆಗೆ ತಂಗಿ, "ಅಕ್ಕ ಮಳೆಗಾಲಕ್ಕೆ ಎಷ್ಟು ಕೊಡೆ ಕಳೀತಿದ್ಲು?" ಅಂದಳು. "ಅಯ್ಯೋ ಅದೊಂದು ಕೇಳಬೇಡ, ಮೂರು! ಒಂದ್ಸಲ ಚಪ್ಪಲೀನೂ ಬಿಟ್ಟು ಬಂದಿದ್ಲು." ಅದನ್ನೇ ಬರೆದಳು. ನೀನೂ ಅಮ್ಮನ ಹತ್ತಿರ ಕಾಯಿಲೆ ಅಂತ ಶುರು ಮಾಡ್ಬೇಡ, ಕೊಡೆ ಲೆಕ್ಕ ಕೇಳು.

ಓದು ನಿಧಾನ ಅಂದೆಯಲ್ಲ, ಅದು ಡಿಸ್ಲೆಕ್ಸಿಯಾ (ಓದು-ಬರಹದಲ್ಲೇ ತೊಡಕು) ಇರಬಹುದು, ಅದರ ದಾರಿ ಬೇರೆ. ದೊಡ್ಡವರಿಗೆ ಎನ್‌ಎಚ್‌ಎಸ್ ಸಾಮಾನ್ಯವಾಗಿ ಅದನ್ನ ಪರೀಕ್ಷಿಸಲ್ಲ, ಖಾಸಗಿಯಲ್ಲಿ ನೂರಾರು ಪೌಂಡ್ ಆಗುತ್ತೆ. ಪರೀಕ್ಷೆ ಇಂಗ್ಲಿಷಿನಲ್ಲಿ ಇರೋದ್ರಿಂದ ನೀನು ಏಳನೇವರೆಗೆ ಕನ್ನಡ ಮೀಡಿಯಂ ಅಂತ ಮೊದಲೇ ಹೇಳು. ಕನ್ನಡದಲ್ಲಿ ಓದೋಕೂ ಹೀಗೇ ತಡವರಿಸ್ತಿದ್ದೆಯಾ? ನಮ್ಮ ಲಿಪಿಯಲ್ಲಿ ಬರೆದಂತೆ ಓದೋದು, ಹಾಗಾಗಿ ತಪ್ಪು ಕಡಿಮೆ. ತೊಂದರೆ ಇದ್ದವರು ಒತ್ತಕ್ಷರದ ಹತ್ತಿರ ನಿಂತು ನಿಂತು ಓದ್ತಾರೆ.

ಪರೀಕ್ಷೆ ಆಗೋವರೆಗೆ ಕಾಯ್ತಾ ಕೂರಬೇಡ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಆಫೀಸಿನಲ್ಲಿ ಅನುಕೂಲ ಕೇಳೋಕೆ ಡಾಕ್ಟರ ಚೀಟಿ ಕಡ್ಡಾಯವಲ್ಲ. ಬಾಯಲ್ಲಿ ಹೇಳಿದ ಕೆಲಸವನ್ನ ಇಮೇಲಿನಲ್ಲೂ ಹಾಕಿ ಅಂತ ಸೋಮವಾರವೇ ಕೇಳು. ಮತ್ತೆ ಮನೆಗೆ ಬಂದ ಲಕೋಟೆಯನ್ನ ಬಾಗಿಲ ಹತ್ತಿರವೇ ನಿಂತು ಒಡಿ, ಚಪ್ಪಲಿ ಬಿಡೋಕೆ ಮುಂಚೆ.